ಪೈಲ್ವಾನ್ ಅಕ್ಷರ ಮತ್ತು ನನ್ನ ಮಗಳ ಮದುವೆ ಕಾರ್ಡು

ಶಿವಾಜಿನಗರದ ಪ್ರಿಂಟಿಂಗ್ ಅಂಗಡೀಲಿ ಕಂಪ್ಯೂಟರ್ ಮುಂದೆ ಕೂತವನು ನಗೋಕೆ ಬೇರೆಲ್ಲೂ ಹೋಗ್ಬೇಕಾಗಿಲ್ಲ ರೀ, ನಗೋ ಸಂಗತಿ ಆರ್ಡರ್ ಕೊಡೋಕೆ ತಾನೇ ಬರುತ್ತೆ. ನಮ್ಮಲ್ಲಿ ಒಂದು ಇಂಗ್ಲಿಷ್ ಫಾಂಟ್ ಇದೆ. ನಿಂತ ಗೆರೆ ದಪ್ಪ, ಅಡ್ಡ ಗೆರೆ ತೆಳು, ಗೆರೆಗಳ ತುದಿಗೆ ಪುಟ್ಟ ಪುಟ್ಟ ಪಾದ. ಅಖಾಡದಲ್ಲಿ ಕಾಲೂರಿ ನಿಂತ ಹಾಗಿದೆ ಅಂತ ನಮ್ಮ ಓನರ್ ಭಾಯ್ ಅದಕ್ಕೆ 'ಪೈಲ್ವಾನ್' ಅಂತ ಹೆಸರಿಟ್ಟಿದ್ದಾರೆ. ನನಗಂತೂ ಅದರ ಮೇಲೆ ಪ್ರಾಣ. ಮಗಳ ಮದುವೆ ಕಾರ್ಡು ಅದರಲ್ಲೇ ಆಗ್ಬೇಕು ಅಂತ ಆಸೆ.

ಕಾರ್ಡ್ ಆರಿಸೋಕೆ ಅಂಗಡಿಗೆ ಬಂದ ಮಗಳು, "ಅಯ್ಯೋ ಅಪ್ಪಾ, ಓಲ್ಡ್ ಫ್ಯಾಷನ್ನು!" ಅಂದ್ಲು. ಒಪ್ಪಿಸೋಕೆ ಒಂದು ಕತೆ ಹೇಳ್ದೆ.

೧. ಗೇಟು

ಹೊಸ ತಿಪ್ಪಸಂದ್ರದ ಯಜಮಾನರೊಬ್ಬರ ಗೇಟಿಗೆ ಅಡ್ಡವಾಗಿ ಮಾರ್ಕೆಟ್ಟಿಗೆ ಬಂದೋರೆಲ್ಲ ಗಾಡಿ ನಿಲ್ಲಿಸೋರು. ಸಣಕಲು ಅಕ್ಷರದ 'ನೋ ಪಾರ್ಕಿಂಗ್' ಬೋರ್ಡಿಗೆ ಯಾರೂ ಕ್ಯಾರೇ ಅನ್ಲಿಲ್ಲ. ಪೈಲ್ವಾನಲ್ಲಿ ಹೊಸದು ಮಾಡ್ಕೊಟ್ಟೆ. ವಾರ ಬಿಟ್ಟು ಬಂದ್ರು.

"ಒಂದು ಗಾಡೀನೂ ನಿಲ್ತಿಲ್ಲ ಕಣ್ರೀ! ನಮ್ಮ ಅಳಿಯಂದ್ರೇ ಹೆದರಿ ಪಕ್ಕದ ರೋಡಲ್ಲಿ ಕಾರ್ ಬಿಟ್ಟು ನಡ್ಕೊಂಡು ಬಂದ್ರು. ನಿಜ ಹೇಳ್ಬೇಕಂದ್ರೆ, ನನ್ನ ಸ್ಕೂಟರೂ ಈಗ ಆ ಪಕ್ಕದ ರೋಡಲ್ಲೇ ಇರೋದು."

೨. ನೋಟಿಸು

ಮಗಳು ನಕ್ಕು ಇನ್ನೇನು ಒಪ್ಪೋದ್ರಲ್ಲಿದ್ಲು. ಭಾಯ್ ಸುಮ್ನಿರ್ಬಾರ್ದಾ? "ಮರ್ಫಿ ಟೌನ್‌ದೂ ಹೇಳಪ್ಪ!"

ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಇಡೀ ನೋಟಿಸನ್ನೇ ಪೈಲ್ವಾನಲ್ಲಿ ಕೇಳಿದ್ರು. "ಸಾರ್, ಅದು ತಲೆಬರಹಕ್ಕೆ ಸಾಕು" ಅಂದೆ. "ಎಲ್ಲಾ ಇಂಪಾರ್ಟೆಂಟೇ ರೀ, ಹಾಕಿ!" ನೋಟಿಸು ಅಂಟಿಸಿದ ಸಂಜೆ ಅವರ ಮನೆ ಮುಂದೆ ಜನವೋ ಜನ: "ಸಾರ್, ನಮ್ಮಿಂದ ಏನ್ ತಪ್ಪಾಯ್ತು?"

ಅದರಲ್ಲಿ ಇದ್ದಿದ್ದು ಇಷ್ಟೇ: ಸಂಕ್ರಾಂತಿ ಎಳ್ಳುಬೆಲ್ಲಕ್ಕೆ ಎಲ್ಲರೂ ಬನ್ನಿ.

"ನೋಡಿದ್ಯಾ? ನೆಂಟರಿಗೆ ಬೈದ ಹಾಗಾಗುತ್ತೆ!" ಅಂದ್ಲು ಮಗಳು. ನಾನು ಸೋತೆ. ಕೆನೆ ಬಣ್ಣದ ಕಾಗದದ ಮೇಲೆ ಕೂದಲೆಳೆಯಂಥ ಬೂದು ಅಕ್ಷರದಲ್ಲಿ ಕಾರ್ಡು ಆಯ್ತು.

೩. ಅಜ್ಜಿ

ಮೊದಲ ಕಾರ್ಡು ಸಿ.ವಿ. ರಾಮನ್ ನಗರದಲ್ಲಿರೋ ಹುಡುಗನ ಅಜ್ಜಿಗೆ ಅಂತ ನಾನೂ ಮಗಳೂ ಹೋದ್ವಿ. ಇನ್ಶೂರೆನ್ಸ್ ಆಫೀಸಿಂದ ರಿಟೈರಾದೋರು, ಆ ಮನೇಲಿ ಅವರು ಹೇಳಿದ್ದೇ ನಡೆಯೋದು. ಅಜ್ಜಿ ಕನ್ನಡಕ ಹಾಕ್ಕೊಂಡ್ರು, ಕಿಟಕಿ ಹತ್ರ ಹೋದ್ರು, ಕಾರ್ಡು ತಿರುಗಿಸಿ ಮುರುಗಿಸಿ ನೋಡಿದ್ರು.

"ಕಾಗದ ಚೆನ್ನಾಗಿದೆ. ಪ್ರಿಂಟ್ ಆದ್ಮೇಲೆ ಒಂದು ತಂದ್ಕೊಡಿ."

"ಅಜ್ಜೀ, ಪ್ರಿಂಟ್ ಆಗಿದೆ" ಅಂದ್ಲು ಮಗಳು ಮೆಲ್ಲಗೆ. ಅಜ್ಜಿ ಮುಖ ಸಿಂಡರಿಸಿದ್ರು. "ಕರೆಯೋ ಮನಸ್ಸಿಲ್ಲ ಅಂದ್ರೆ ನೇರವಾಗಿ ಹೇಳಿ. ನಾನು ಬರಲ್ಲ."

ಅಜ್ಜಿ ಬರಲ್ಲ ಅಂದ್ರೆ ಆ ಮನೆಯಿಂದ ಒಂದು ನರಪಿಳ್ಳೇನೂ ಬರಲ್ಲ. ಆಟೋದಲ್ಲಿ ಮಗಳು ಕಣ್ಣೊರೆಸ್ಕೊಂಡು ಅಂದಿದ್ದು ಒಂದೇ ಮಾತು: "ಅಪ್ಪಾ, ಪೈಲ್ವಾನ್‌ನ ಕರಿ."

ಹೆಸರು, ದಿನ, ಛತ್ರ ಇಷ್ಟಕ್ಕೆ ಮಾತ್ರ ಪೈಲ್ವಾನ್, ಕರೀ ಮಸಿ. ಆಹಾ, ಏನ್ ನಿಂತಿದ್ದ ರೀ! ಮರುದಿನ ಅಜ್ಜಿ ಕನ್ನಡಕ ಇಲ್ಲದೆ, ಕೈ ಉದ್ದ ಚಾಚಿ, ಅಡುಗೆಮನೆಗೂ ಕೇಳೋ ಹಾಗೆ ಓದಿದ್ರು. ಆಮೇಲೆ ಮಗಳ ತಲೆ ಸವರಿದ್ರು.

"ಹಾಂ, ಇದು ಕರೆಯೋದು ಅಂದ್ರೆ! ನಿನ್ನೆಯ ಕಾರ್ಡು, ಈ ಮುದುಕಿ ಎಲ್ಲಿ ಬಂದ್ಬಿಡ್ತಾಳೋ ಅಂತ ಗೊಣಗಿದ ಹಾಗಿತ್ತು."