ಶಹಾಬಜಾರದಲ್ಲಿ ಸಮುದ್ರ

"ಎಲ್ಲಾ ಗೊತ್ತದ ರೀ ಸೇಟ್‌ಸಾಬ್, ನೀವು ಹೇಳೋದೇ ಬ್ಯಾಡ!"

ಹಣಮಂತರಾಯನ ಬಾಯಿಂದ ಈ ಮಾತು ಹೊರಬೀಳದೆ ಇದ್ದಿದ್ದರೆ ಅವನ ಮಾನ ಓಣಿಯಲ್ಲಿ ಹೀಗೆ ಹರಾಜಾಗುತ್ತಿರಲಿಲ್ಲ. ಆದರೆ ಆ ಮಾತು ಅವನ ನಾಲಗೆಯ ತುದಿಯಲ್ಲಿ, ಬಸ್ ಸ್ಟ್ಯಾಂಡಿನ ಆಟೋದವರ ಹಾಗೆ, ಗಿರಾಕಿ ಇಳಿಯುವ ಮೊದಲೇ ಬಾಗಿಲಿಗೆ ಬಂದು ನಿಂತಿರುತ್ತದೆ.

ನಂದೂರಿನ ದಾಲ್ ಮಿಲ್ಲಿನ ಮಾಲೀಕ ಜಹಾಂಗೀರ್ ಸೇಟರಿಗೆ ಸಮುದ್ರದ ಮೀನು ಸಾಕುವ ಹುಚ್ಚು. ಅದೇ ಮಿಲ್ಲಿನ ಸೂಪರ್‌ವೈಸರ್ ಹಣಮಂತರಾಯನಿಗೆ ಸೇಟರನ್ನು ಮೆಚ್ಚಿಸುವ ಹುಚ್ಚು. ಹೀಗಾಗಿ ಶಹಾಬಜಾರದ ತನ್ನ ಇಕ್ಕಟ್ಟಿನ ಮನೆಯ ಪಡಸಾಲೆಯಲ್ಲಿ ಅವನೂ ಒಂದು ಗಾಜಿನ ಸಮುದ್ರವನ್ನು ಸ್ಥಾಪಿಸಿದ್ದ. ತಳದಲ್ಲಿ ರವೆಯಂಥ ಬಿಳಿ ಮರಳು, ಮೇಲೆ ಹವಳದ ಗುಡ್ಡ. ಓಣಿಯ ಮಂದಿ ನಳದ ನೀರು ಯಾವಾಗ ಬಂದೀತೆಂದು ಕೊಡ ಹಿಡಿದು ಕಾಯುತ್ತಿದ್ದರೆ, ಇವನು ಇದ್ದ ಒಳ್ಳೆಯ ನೀರಿಗೆ ಉಪ್ಪು ಕಲಸುತ್ತ ಕೂತಿರುತ್ತಿದ್ದ. ಹೆಂಡತಿ ವಿದ್ಯಾವತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಮನೆಗಿದ್ದ ಒಂದು ಟೇಬಲ್ ಫ್ಯಾನು ಹವಳಕ್ಕೆ ಬೀಸುತ್ತಿತ್ತು.

ಸೇಟರ ಮನೆಯ ಟ್ಯಾಂಕು ಸೋರತೊಡಗಿದಾಗ, ತಮ್ಮ ಜೀವದಂಥ ಮೀನನ್ನು ಅವರು ಒಂದು ಸಂಜೆ ಸ್ವತಃ ತಂದು ಹಣಮಂತರಾಯನ ಟ್ಯಾಂಕಿಗೆ ಬಿಟ್ಟರು. ರ‍್ಯಾಸ್ ಜಾತಿಯ ಮೀನು. ಕಮಲಾಪುರದ ಕೆಂಬಾಳೆ ಹಣ್ಣಿನಷ್ಟು ಕೆಂಪು, ಬೆನ್ನ ಮೇಲೆ ಸುಣ್ಣ ಬಳಿದಂಥ ಪಟ್ಟೆ.

"ಇದರದೊಂದು ಸ್ವಭಾವ ಅದ ನೋಡು. ಹೊಸಾ ಜಾಗಾಕ್ಕ ಬಂತಂದ್ರ..." ಎಂದು ಸೇಟರು ಸುರುಮಾಡಿದಾಗಲೇ ಹಣಮಂತರಾಯ ಆ ಮಾತು ಅಂದದ್ದು.

"ಜಿಗಿಯೋ ಮೀನ್ರೀ ಇದು, ಮ್ಯಾಲ ಜಾಳಗಿ ಮುಚ್ಚಬೇಕು. ಸ್ವಲ್ಪ ಸ್ವಲ್ಪ, ದಿನಕ್ಕ ನಾಕೈದು ಸಲ ತಿನ್ನಸಬೇಕು. ಮೊಬೈಲಿನಾಗ ಎಲ್ಲಾ ನೋಡೀನಿ!"

"ಆಯ್ತಪಾ," ಎಂದರು ಸೇಟರು. "ಕಪನೂರದಾಗ ಹೊಸಾ ಮಿಲ್ ಸುರು ಮಾಡಾಕತ್ತೀನಿ. ಮ್ಯಾನೇಜರ್ ಕುರ್ಚಿ ಖಾಲಿ ಅದ. ನನ್ನ ಮೀನ ಸಂಭಾಳಿಸಿದಾಂವ ಮಿಲ್ಲೂ ಸಂಭಾಳಿಸ್ತಾನ. ನಾಳಿ ಸಂಜಿಗಿ ಬಂದು ನೋಡ್ತೀನಿ."

ಮರುದಿನ ಬೆಳಿಗ್ಗೆ ನೋಡಿದರೆ ಟ್ಯಾಂಕಿನಲ್ಲಿ ಮೀನಿಲ್ಲ. ಮೇಲಿನ ಜಾಳಿಗೆ ಒಂದು ಮೂಲೆಯಲ್ಲಿ ತುಸು ಸರಿದಿತ್ತು. ಹಣಮಂತರಾಯನ ಕಣ್ಣ ಮುಂದೆ ಕಪನೂರಿನ ಕುರ್ಚಿ ಕಾಲು ಮುರಿದುಕೊಂಡು ಬಿದ್ದಿತು.

ಅವನು ಹಾಕಿದ ಕೂಗಿಗೆ ಪಕ್ಕದ ಮನೆಯ ಆಟೋ ಖಾಜಾ ಹಲ್ಲುಜ್ಜುತ್ತಲೇ ಓಡಿಬಂದ. ಕರೆಯದೆ ಬರುವುದರಲ್ಲಿ ಖಾಜಾನನ್ನು ಮೀರಿಸುವವರಿಲ್ಲ. ಜಿಗಿದ ಮೀನು ನೆಲದ ಮೇಲೇ ಇರಬೇಕೆಂದು ಫ್ರಿಜ್ಜು ಜರುಗಿಸಿದ, ಕಪಾಟು ಜರುಗಿಸಿದ, ವಿದ್ಯಾವತಿ ಬೇಡವೆಂದರೂ ಗ್ಯಾಸಿನ ಕಟ್ಟೆಯನ್ನೇ ಖಾಲಿ ಮಾಡಿ ಒಲೆಯನ್ನು ಅಂಗಳಕ್ಕೆ ತಂದಿಟ್ಟ. ಸಿಕ್ಕಿದ್ದು ಒಂದು ಚಮಚ, ಹೋದ ವರ್ಷ ಕಳೆದಿದ್ದ ಕಾಲುಂಗುರ.

"ರಾಯ್ರ, ಆ ಮರಳಾಗ ಒಂದೀಟು ಕೈಯಾಡಿಸಿ ನೋಡ್ಲೇನ್ರಿ?" ಎಂದ ಖಾಜಾ.

"ಮುಟ್ಟಿದ್ರ ನೋಡು! ಹವಳಕ್ಕ ತ್ರಾಸ ಆಗ್ತದ. ಮೀನೇನ್ ಹೆಗ್ಗಣಾ ಏನು, ಬಿಲಾ ತೋಡಾಕ? ಇದೆಲ್ಲಾ ರೋಷನಬಿಯವರ ಬೆಕ್ಕಿನ ಕೆಲಸ."

ಎದುರು ಮನೆಯ ರೋಷನಬಿ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದರು. "ಅರೇ ಅಲ್ಲಾ! ನಮ್ಮ ಬೆಕ್ಕಿಗಿ ಹಲ್ಲ ಎಲ್ಲಿ ಅವ ಭೈಯ್ಯಾ? ಹಾಲಾಗ ನೆನಸಿದ ರೊಟ್ಟಿ ತಿಂತದ ಪಾಪ. ಸತ್ತದ್ದು ನಿಮ್ಮ ಮೀನು, ಆಪಾದನಿ ನಮ್ಮ ಮುದುಕಿ ಮ್ಯಾಲ?"

ಎಂದು ಬೈದರೂ, ಒಲೆ ಅಂಗಳದಲ್ಲಿ ತಣ್ಣಗೆ ಕೂತದ್ದು ಅವರ ಕಣ್ಣಿಗೆ ಬಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಉಣ್ಣಲು ಕೊಡಬೇಕು. ಸತ್ತದ್ದು ಮೀನಾದರೇನು, ಪದ್ಧತಿ ಪದ್ಧತಿಯೇ. ಅವರು ಗಂಭೀರವಾಗಿ ತಲೆಯಾಡಿಸಿ, ಸಂಜೆಗೆ ಖಿಚಡಿ ಮಾಡಬೇಕೆಂದುಕೊಂಡು ಹೋದರು.

ಹಣಮಂತರಾಯನ ತಲೆಯಲ್ಲಿ ಆಗಲೇ ಉಪಾಯ ಮೊಳೆತಿತ್ತು. ಸೇಟರ ದೋಸ್ತ, ಕಮಲಾಪುರದ ಬಾಳೆ ವ್ಯಾಪಾರಿ ಅಣವೀರಪ್ಪನವರ ಹತ್ತಿರ ಅದೇ ಜಾತಿಯ ಮೀನೊಂದಿತ್ತು. ಖಾಜಾನ ಆಟೋ ಹತ್ತಿ ಹೊರಟೇಬಿಟ್ಟ.

ಅಣವೀರಪ್ಪನವರು ಒಳ್ಳೆಯವರು. ಆದರೆ ಮೀನು ಕೊಡಲು ಅವರ ಕರುಳೂ ಒಪ್ಪಬೇಕಲ್ಲ. "ಮಕ್ಕಳಂಗ ಜ್ವಾಕಿ ಮಾಡೀನ್ರೀ," ಎಂದರು. ನಿಜ ಹೇಳಿದ್ದರೆ ಕೊಡುತ್ತಿದ್ದರೋ ಏನೋ. ಆದರೆ ನಿಜ ಹಣಮಂತರಾಯನಿಗೆ ಹಳೆಯ ಅಂಗಿಯ ಹಾಗೆ, ಮೈಗೆ ಹಿಡಿಸುವುದಿಲ್ಲ.

"ಸೇಟ್‌ಸಾಬರೇ ಕಳಸ್ಯಾರ್ರೀ ನನ್ನ. ಮೀನ ಹೋದಾಗಿಂದ ನೆಲಾ ಹಿಡದಾರ. ಒಂದ್ ಗುಟುಕು ನೀರಿಲ್ಲ, ತುತ್ತು ಅನ್ನ ಇಲ್ಲ. ಗೋಡಿ ನೋಡ್ಕೋತ ಅಳಾಕತ್ತಾರ," ಎಂದು ತಾನೂ ಕಣ್ಣೊರೆಸಿಕೊಂಡ. ಆಟೋದಲ್ಲಿ ಕೂತಿದ್ದ ಖಾಜಾನೂ, ಎಲ್ಲ ಗೊತ್ತಿದ್ದರೂ, ಮೂಗು ಸೇದಿದ.

ಅಣವೀರಪ್ಪನವರ ಕಣ್ಣು ತುಂಬಿತು. "ಅಯ್ಯ ಶಿವನ! ಹಂಗಾದ್ರ ಒಯ್ರೀ. ಈ ಹಣ್ಣಿನ ಗೊನಿನೂ ಒಯ್ರಿ, ಬ್ಯಾಡಂದ್ರೂ ಒಂದು ತಿನ್ನಸ್ರಿ ಅವರಿಗಿ."

ಬಿಸಿಲಿಗೆ ಡಾಂಬರು ಕರಗಿ ಹಪ್ಪಳದ ಹಿಟ್ಟಾಗಿತ್ತು. ಉಪ್ಪುನೀರಿನ ಚೀಲಕ್ಕೆ ಒದ್ದೆ ಟವೆಲ್ ಸುತ್ತಿ, ತಾನು ಬಿಸಿಲಿಗೆ ಕೂತು, ಮೀನಿಗೆ ನೆರಳು ಮಾಡಿ ಹಣಮಂತರಾಯ ಊರು ಮುಟ್ಟಿದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಣ್ಣಿಗೆ ಕೈ ಹಾಕಿದರೆ, "ದುಃಖದ ಮನಿಗಿ ಕೊಟ್ಟದ್ದು ರಾಯ್ರ, ತಿನ್ನಬಾರ್ದು," ಎಂದು ಖಾಜಾ ಕೈ ಹಿಡಿದ. ತಾನು ಮಾತ್ರ ಎರಡು ತಿಂದಿದ್ದ.

ಚೀಲದ ನೀರನ್ನೂ ಟ್ಯಾಂಕಿನ ನೀರನ್ನೂ ಹೊಂದಿಸಿ ಮೀನು ಬಿಟ್ಟ. ಅದು ಒಂದು ಸುತ್ತು ಹೊಡೆಯಿತು. ಹಣಮಂತರಾಯ ಮುಖ ಒರೆಸಿಕೊಳ್ಳಲು ತಿರುಗಿದ. ಮತ್ತೆ ನೋಡಿದರೆ ಮೀನಿಲ್ಲ!

ಅದೇ ಗಳಿಗೆಗೆ ಜಹಾಂಗೀರ್ ಸೇಟರು ಒಳಗೆ ಬಂದರು. ಖಾಲಿ ಟ್ಯಾಂಕಿನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ರಾಯರ, ನಾ ಬೆಳಗ್ಗಿಂದ ಊಟ ಬಿಟ್ಟೀನಂತ, ಖರೇ ಏನು?"

ಹಣಮಂತರಾಯ ಹಣ್ಣಿನ ಗೊನೆಯನ್ನು ಕಾಲಿನಿಂದ ಮೆಲ್ಲಗೆ ಬಾಗಿಲ ಹಿಂದೆ ಸರಿಸಿದ.

"ಕಮಲಾಪುರದಿಂದ ಅಣವೀರಪ್ಪ ಫೋನ್ ಮಾಡಿದ್ದ. ದುಃಖದಾಗ ಇದ್ದೋರನ್ನ ಮಾತಾಡಸದೆ ಇರೋದು ಮನಷ್ಯಾರ ಲಕ್ಷಣ ಅಲ್ಲಂತ. ನಾ ಆಗಷ್ಟೇ ಬಿರಿಯಾನಿ ತಿಂದು ಕೈ ತೊಳಿಯಾಕತ್ತಿದ್ದೆ. ಅವನು ಆ ಕಡಿ ಅಳ್ತಾನ, ನಾ ಈ ಕಡಿ ತೇಗ್ತೀನಿ. ಎಷ್ಟು ನಾಚಿಗಿ ಬಂತಂತೀನಿ!"

ಇನ್ನು ಉಳಿದದ್ದು ಕಾಲು ಹಿಡಿಯುವುದೊಂದೇ. ಹಣಮಂತರಾಯ ಅದನ್ನು ಮಿಲ್ಲಿನಲ್ಲಿ ಚೆನ್ನಾಗಿ ರೂಢಿ ಮಾಡಿಕೊಂಡಿದ್ದ. "ತಪ್ಪಾತ್ರೀ! ನಿಮ್ಮ ಮೀನ ಸತ್ತೋಯ್ತು. ಬೆಕ್ಕು ತಿಂತು. ನಾನೇ ಕಣ್ಣಾರೆ ನೋಡ್ದೆ. ಇನ್ನೊಂದು ತಂದ್ನಿ, ಅದೂ ಸತ್ತೋಯ್ತು!"

"ಅದನ್ನೂ ಬೆಕ್ಕೇ ತಿಂತೇನು?" ಎಂದು ಕೇಳಿದ ಸೇಟರು ಮುಗುಳ್ನಗಲಿಲ್ಲ. "ಅಮ್ಮಾ ವಿದ್ಯಾವತಿ, ಸಿಗಡಿ ತಗೊಂಬಾ."

ಸೇಟರ ಮೀನಿಗೆಂದು ತಂದಿಟ್ಟಿದ್ದ ಸಿಗಡಿಯ ಡಬ್ಬಿಯನ್ನು ವಿದ್ಯಾವತಿ ಎರಡು ಬೆರಳಲ್ಲಿ ಹಿಡಿದು ತಂದಳು. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಅದು ಕೂತಾಗಿನಿಂದ ಆಕೆ ಮೊಸರು ಬಿಟ್ಟಿದ್ದಳು. ಸೇಟರು ಚೂರೊಂದನ್ನು ನೀರಿಗೆ ಹಾಕಿ ಸುಮ್ಮನೆ ಕೂತರು.

ಮರಳು ಅಲುಗಿತು. ಕೆಂಪು ಮೂತಿಯೊಂದು ಹೊರಬಂತು. ಮೈ ಕೊಡವಿ, ಸುಣ್ಣದ ಪಟ್ಟೆಗಳನ್ನು ತೋರುತ್ತ ಸಿಗಡಿ ನುಂಗಿತು. ಅದರ ಹಿಂದೆಯೇ ಇನ್ನೊಂದು ಮೂತಿ.

"ಹೊಸಾ ಜಾಗಾಕ್ಕ ಬಂತಂದ್ರ ಅಂಜಿ ಮರಳಾಗ ಹೊಕ್ಕೊಂಡು ಮಲಗ್ತದ," ಎಂದರು ಸೇಟರು. "ನಿನ್ನೆ ಇದನ್ನಽ ಹೇಳಾಕ ಹೊಂಟಿದ್ದೆ. ನಿನಗ ಎಲ್ಲಾ ಗೊತ್ತಿತ್ತಲ್ಲ! ಇದ್ದದ್ದು ಕಾಣಂಗಿಲ್ಲ, ಆಗದ್ದು ಕಣ್ಣಾರೆ ಕಾಣ್ತದ. ನಿನ್ನ ಕೈಯಾಗ ಕಪನೂರ ಕೊಟ್ಟಿನಂದ್ರ ನನ್ನ ಮಿಲ್ಲೂ ಒಂದಿನ ಬೆಕ್ಕು ತಿಂತದ."

ಅಷ್ಟರಲ್ಲಿ ರೋಷನಬಿ ತಲೆ ಮೇಲೆ ಸೆರಗು ಹೊದ್ದು, ದುಃಖದ ಮುಖ ಮಾಡಿಕೊಂಡು ಖಿಚಡಿಯ ಪಾತೇಲಿ ತಂದಿಟ್ಟು ಹೋದರು. ಸೇಟರು ಮುಚ್ಚಳ ತೆಗೆದು ಮೂಸಿದರು. "ಊಟ ಬಿಟ್ಟೋನು ನಾನಲ್ಲೇನು? ಬಾರೋ ಖಾಜಾ, ಕೂಡು." ಇಬ್ಬರೂ ಕೂತು ಪಾತೇಲಿ ಬಳಿದರು, ಅಣವೀರಪ್ಪನವರ ಹಣ್ಣನ್ನೂ ಮುಗಿಸಿದರು. ಏಳುವಾಗ ಸೇಟರು, "ನಾಳಿ ಕಮಲಾಪುರಕ್ಕ ಹೋಗಿ ಅವನ ಮೀನ ತಿರುಗಿ ಕೊಟ್ಟು ಬಾ. ಸತ್ತ ಮೀನ ಹೆಂಗ ಎದ್ದು ಬಂತಂತ ಅವನಿಗಿ ನೀನಽ ಹೇಳು," ಎಂದು ಹೋದರು.

ಕತ್ತಲಾಗುವ ಮುಂಚೆ ರೋಷನಬಿ ಪಾತೇಲಿ ಒಯ್ಯಲು ಬಂದರು. "ಭೈಯ್ಯಾ ಎಲ್ಲಿ ಭಾಭಿ? ಕಾಣ್ಸವಲ್ರು."

ವಿದ್ಯಾವತಿ ಟೇಬಲ್ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡು ಕೂತಿದ್ದಳು. ಮೂಲೆಯಲ್ಲಿ ಆ ಸೆಕೆಯಲ್ಲೂ ತಲೆಯತನಕ ಚಾದರ ಎಳೆದುಕೊಂಡ ಒಂದು ಗುಡ್ಡೆಯ ಕಡೆ ಕೈ ತೋರಿಸಿದಳು.

"ಅಂಜಿ ಮರಳಾಗ ಹೊಕ್ಕೊಂಡಾರ್ರಿ. ಏನರೆ ತಿನ್ನಾಕ ಹಾಕಿದ್ರ ಹೊರಗ ಬರ್ತಿದ್ರು. ಆದ್ರ ಪಾತೇಲಿ ನೋಡ್ರಿ, ತೊಳದಂಗ ಅದ."