ಶುಕ್ರವಾರದ ವಾಫಲ್ ಯಾವ ದೇಶದ ಕರೆಂಟಿನಲ್ಲಿ ಬೇಯತಕ್ಕದ್ದು ಎಂಬ ಬಗ್ಗೆ

ಕಟ್ಟಡಗಳ ಆಯುಷ್ಯ ಲೆಕ್ಕ ಶಾಖೆ
ನದೀತೀರ ಕಚೇರಿ, ಟ್ರೋನ್‌ಹೈಮ್

ಸಂಖ್ಯೆ: ಕಆಲೆ/ವಿದ್ಯುತ್/ವಾಫಲ್/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ಫೆಬ್ರವರಿಯ ಎರಡನೇ ಗುರುವಾರ

ವಿಷಯ: ಶಾಖೆಯ ಸ್ವಂತ ಕಟ್ಟಡದ ವಿದ್ಯುತ್ ಲೆಕ್ಕದಲ್ಲಿ ವಾಫಲ್ ಕಾವಲಿಯ ಸ್ಥಾನಮಾನ.

ಉಲ್ಲೇಖ: 1) ಮೇಲಿನ ಕಚೇರಿಯ ಆದೇಶ. 2) ಇದೇ ವಿಷಯದ ಹಿಂದಿನ ಸುತ್ತೋಲೆ, ಮತ್ತು ಅದು ಅರ್ಥವಾಗಿಲ್ಲವೆಂದು ಸಿಬ್ಬಂದಿ ಬರೆದುಕೊಟ್ಟ ದೃಢೀಕರಣ.

ಒಂದು ಕಟ್ಟಡವು ಕಟ್ಟಿದಂದಿನಿಂದ ಕೆಡವುವವರೆಗಿನ ಅರವತ್ತು ವರ್ಷಗಳಲ್ಲಿ ಎಷ್ಟು ಹೊಗೆಗೆ ಕಾರಣವಾಗುತ್ತದೆಂದು ಊರಿಗೆಲ್ಲ ಲೆಕ್ಕ ಹಾಕಿಕೊಡುವ ಈ ಶಾಖೆಯ ಸ್ವಂತ ಕಟ್ಟಡವೇ ಹೊಗೆಯ ಮಿತಿ ಮೀರಿರುವುದು ಗಮನಕ್ಕೆ ಬಂದಿದೆ. ಮೀರಿರುವ ಪ್ರಮಾಣವು ಸಿಹಿ ದೋಸೆಯಂಥ ವಾಫಲ್ ಬೇಯಿಸುವ ಅಡುಗೆಮನೆಯ ಕಾವಲಿ ಶುಕ್ರವಾರಗಳಂದು ಬಳಸುವ ವಿದ್ಯುತ್ತಿಗೆ ಸರಿಸಮವಾಗಿದೆ. ಕಾವಲಿ ನಿಂತರೆ, ಮಿತಿಯೊಳಗಿನ ಕಟ್ಟಡಕ್ಕೆ ಕೊಡುವ, ಬಾಗಿಲ ಮೇಲಿನ ಹಸಿರು ಫಲಕ ಉಳಿಯುತ್ತದೆ. ಆದರೆ ಅಡುಗೆಮನೆಯ ಗುನ್‌ವೋರ್ ಬ್ರಾಟ್ಲಿ ಅವರ ಹುದ್ದೆ ರದ್ದಾಗುತ್ತದೆ, ಏಕೆಂದರೆ ಉಳಿದ ದಿನಗಳಲ್ಲಿ ಸಿಬ್ಬಂದಿ ಮನೆಯಿಂದ ಸುತ್ತಿ ತಂದ ಬ್ರೆಡ್ಡನ್ನೇ ತಿನ್ನುತ್ತಾರೆ. ಎರಡನ್ನೂ ಉಳಿಸುವ ಉದ್ದೇಶದಿಂದ ಈ ಕೆಳಗಿನಂತೆ ಸೂಚಿಸಲಾಗಿದೆ.

1. ಕಟ್ಟಡಕ್ಕೆ ಬರುವ ವಿದ್ಯುತ್ ಕಿಟಕಿಯಿಂದ ಕಾಣುವ ನದಿಯ ನೀರಿನದೇ ಆಗಿದ್ದರೂ, ಅದು ಶುದ್ಧವೆಂಬ ಪ್ರಮಾಣಪತ್ರವನ್ನು ಹೊರದೇಶದವರಿಗೆ ಮಾರಲಾಗಿದೆ. ಆದ್ದರಿಂದ ಕಾಗದದ ಪ್ರಕಾರ ಶುದ್ಧತೆ ಅವರದು, ಅವರ ಹೊಗೆ ನಮ್ಮದು; ನಮ್ಮ ವಾಫಲ್ ಬೇಯುವುದು ಹೊರದೇಶದ ಕಲ್ಲಿದ್ದಲಿನಲ್ಲಿ. ನದಿಯನ್ನು ನೋಡಿ ಯಾರೂ ಬೇರೆ ತೀರ್ಮಾನಕ್ಕೆ ಬರತಕ್ಕದ್ದಲ್ಲ. ಅಡುಗೆಮನೆಯ ಆ ಕಿಟಕಿಗೆ ಪರದೆ ಹಾಕಲಾಗಿದೆ.

2. ಈ ಬಗ್ಗೆ ವಿಚಾರಣೆಗೆ ಕರೆದಾಗ ಗುನ್‌ವೋರ್ ಅವರು ಶಾಖಾ ಮುಖ್ಯಸ್ಥ ಔಡುನ್ ಹೆಗ್‌ಸ್ಟಾಡ್ ಅವರಿಗೆ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ನೋಡಪ್ಪ ಔಡುನ್, ನನ್ ಕಾವಲಿಗೆ ಪ್ಲಗ್ ಹಾಕ್ತೀನಿ, ಬಿಸಿ ಆಗತ್ತೆ. ಅದು ಯಾವ ದೇಶದ ಬಿಸಿ ಅಂತ ಮುಟ್ಟಿ ನೋಡಕ್ಕಾಗತ್ತಾ? ನೀನೇ ಮುಟ್ಟಿ ಹೇಳು." ಶಾಖಾ ಮುಖ್ಯಸ್ಥರು ಮುಟ್ಟಿದರು. ಅವರ ವೈದ್ಯಕೀಯ ರಜೆಯನ್ನು ಮಂಜೂರು ಮಾಡಲಾಗಿದೆ.

3. ಗಂಟೆಗೊಮ್ಮೆ ಲೆಕ್ಕ ಹಾಕಿದರೆ ಫಲಿತಾಂಶ ಸುಧಾರಿಸುವುದೆಂಬ ಸಲಹೆಯಂತೆ, ಗಾಳಿಯಂತ್ರಗಳ ಶುದ್ಧ ವಿದ್ಯುತ್ ಬರುವ ಡೆನ್ಮಾರ್ಕ್‌ನಲ್ಲಿ ಗಾಳಿ ಬೀಸುವವರೆಗೆ ಹಿಟ್ಟನ್ನು ಕಾವಲಿಗೆ ಹೊಯ್ಯತಕ್ಕದ್ದಲ್ಲ ಎಂದು ಆದೇಶಿಸಲಾಗಿತ್ತು. ಗಾಳಿ ಶನಿವಾರ ಬೀಸಿತು.

4. ಮುಂದಿನ ದಶಕಗಳಲ್ಲಿ ವಿದ್ಯುತ್ ಹೆಚ್ಚು ಶುದ್ಧವಾಗುವ ನಿರೀಕ್ಷೆ ಇರುವುದರಿಂದ, ತಮ್ಮ ಪಾಲಿನ ವಾಫಲನ್ನು ಕಟ್ಟಡದ ಅರವತ್ತನೇ ವರ್ಷಕ್ಕೆ ಮುಂದೂಡಲು ಇಚ್ಛಿಸುವ ಸಿಬ್ಬಂದಿಯಿಂದ ಅರ್ಜಿ ಆಹ್ವಾನಿಸಲಾಗಿತ್ತು. ಬಂದ ಒಂದೇ ಅರ್ಜಿಯು ಲೆಕ್ಕ ತಜ್ಞೆ ಟುರಿಡ್ ಮೂಯೆನ್ ಅವರದು. ಅದರಲ್ಲಿ ಅವರು ಔಡುನ್ ಅವರ ವಾಫಲನ್ನು ಮುಂದೂಡುವಂತೆ ಕೋರಿದ್ದಾರೆ.

5. ಬೇಡಿಕೆ ಹೆಚ್ಚಿದಾಗ ಕೊನೆಗೆ ಚಾಲೂ ಆಗುವುದು ಅತ್ಯಂತ ಕೊಳಕು ಸ್ಥಾವರವೆಂಬ ತತ್ವದಂತೆ, ಸಾಲಿನಲ್ಲಿ ಕೊನೆಗೆ ನಿಂತವರ ತಟ್ಟೆಗೆ ಬೀಳುವುದೇ ಕಲ್ಲಿದ್ದಲಿನ ವಾಫಲ್ ಎಂದು ನಿರ್ಧರಿಸಲಾಯಿತು. ತರುವಾಯ ಕೊನೆಗೆ ನಿಲ್ಲಲು ಯಾರೂ ಒಪ್ಪದ ಕಾರಣ ಸಾಲನ್ನು ವೃತ್ತಾಕಾರವಾಗಿ ನಿಲ್ಲಿಸಲಾಯಿತು. ಕೊನೆಯವರು ಇಲ್ಲವಾದರು. ಮೊದಲನೆಯವರೂ ಇಲ್ಲವಾದರು. ಹಿಟ್ಟು ಹುಳಿಯಿತು. ಆ ಸಂದರ್ಭದಲ್ಲಿ ಕೇಳಿಬಂದ ಮಾತುಗಳನ್ನು ಮಾತ್ರ ದಾಖಲಿಸಲಾಗಿದೆ: "ಟುರಿಡ್, ನಿನ್ ಲೆಕ್ಕ ತಿಂದ್ರೆ ಹೊಟ್ಟೆ ತುಂಬತ್ತಾ?" "ತುಂಬಲ್ಲ ಗುನ್‌ವೋರ್. ಅದಕ್ಕೇ ನಾನೂ ಸಾಲಲ್ಲಿ ನಿಂತಿರೋದು."

6. ವಾಫಲ್ ಮೇಲೆ ಹಾಕಿಕೊಳ್ಳುವ ಕಂದು ಗಿಣ್ಣು (ಚೀಸ್) ಮತ್ತು ಜಾಮ್ ವಿದ್ಯುತ್ ಬಳಸುವುದಿಲ್ಲವಾದ್ದರಿಂದ ಅವನ್ನು ಬರಿಗೈಯಲ್ಲಿ ತಿನ್ನಲು ಯಾವುದೇ ಆಕ್ಷೇಪಣೆ ಇರುವುದಿಲ್ಲ. ಇದು ವಾಫಲ್‌ಗೆ ಪರ್ಯಾಯವೆಂದು ನೋಟಿಸು ಫಲಕದಲ್ಲಿ ಪ್ರಕಟಿಸಿದ ಒಡನೆಯೇ ಆ ನೋಟಿಸನ್ನು ಹರಿದುಹಾಕಲಾಯಿತು. ಹರಿದವರನ್ನು ಪತ್ತೆ ಮಾಡುವ ಅಗತ್ಯವಿಲ್ಲ. ಹರಿದ ಚೂರುಗಳ ಮೇಲೆ ಎಲ್ಲರೂ ಸಹಿ ಮಾಡಿದ್ದಾರೆ.

7. ಮೇಲಿನ ಯಾವ ಕ್ರಮದಿಂದಲೂ ಮಿತಿಯೊಳಗೆ ಬರಲಾಗದೆ, ಕಾವಲಿಯನ್ನು ವಶಪಡಿಸಿಕೊಳ್ಳಲು ಔಡುನ್ ಅವರು ಕಳೆದ ಶುಕ್ರವಾರ ಅಡುಗೆಮನೆಗೆ ತೆರಳಿದರು. ಗುನ್‌ವೋರ್ ಅವರು ಕರೆಂಟಿನ ಕಾವಲಿಯನ್ನು ಅವರ ಕೈಗಿಟ್ಟು, "ತಗೋ, ಫಲಕದ ಪಕ್ಕದಲ್ಲಿ ನೇತುಹಾಕ್ಕೋ. ಹುಷಾರು, ಇನ್ನೂ ಬಿಸಿ ಇದೆ" ಎಂದು ಹೇಳಿ, ತಮ್ಮ ಅಜ್ಜಿಯ ಕಾಲದ ಉದ್ದ ಹಿಡಿಯ ಕಬ್ಬಿಣದ ಕಾವಲಿ ಮತ್ತು ಹಿಟ್ಟಿನ ಬಕೆಟ್ಟಿನೊಂದಿಗೆ ಹೊರಗೆ ಹೋಗಿ ಹಿಮದಲ್ಲಿ ಬರ್ಚ್ ಮರದ ಸೌದೆಯ ಬೆಂಕಿ ಹಾಕಿದರು. ಸಿಬ್ಬಂದಿಯೆಲ್ಲರೂ ಹಿಂಬಾಲಿಸಿದರು.

8. ಈ ಘಟನೆಯನ್ನು ಶಿಸ್ತು ಉಲ್ಲಂಘನೆ ಎಂದು ಪರಿಗಣಿಸುವ ಮುನ್ನ ಲೆಕ್ಕ ಹಾಕಿ ನೋಡಲಾಯಿತು. ಕಂಡುಬಂದ ಅಂಶಗಳು:

(ಅ) ಲೆಕ್ಕದ ಗಡಿ ಹೊರಗೋಡೆಗೆ ಮುಗಿಯುತ್ತದೆ. ಅದರಾಚೆ ಬೆಂದ ವಾಫಲ್ ಕಟ್ಟಡಕ್ಕೆ ಸಂಬಂಧಿಸಿದ್ದಲ್ಲ.

(ಆ) ಮರ ಬೆಳೆಯುವಾಗ ಹೀರಿದ್ದನ್ನೇ ಉರಿಯುವಾಗ ಬಿಡುವುದೆಂಬ ಕಾರಣಕ್ಕೆ ಸೌದೆಯ ಹೊಗೆ ನಿಯಮದ ಪ್ರಕಾರ ಸೊನ್ನೆ. ಕಣ್ಣುರಿ ಬಂದವರು ಅದನ್ನೂ ಸೊನ್ನೆ ಎಂದೇ ಭಾವಿಸತಕ್ಕದ್ದು.

(ಇ) ಸಿಬ್ಬಂದಿ ಹೊರಗಿದ್ದ ಅವಧಿಯಲ್ಲಿ ದೀಪ, ಹೀಟರು, ಕಂಪ್ಯೂಟರು, ಲಿಫ್ಟು ಎಲ್ಲವೂ ನಿಂತು, ಈ ಕಟ್ಟಡವು ಊರಿನಲ್ಲೇ ಅತ್ಯುತ್ತಮವೆಂದು ಸಾಬೀತಾಯಿತು.

9. ಹೀಗಾಗಿ, ಕಟ್ಟಡದ ಗುಣಮಟ್ಟ ಕಾಪಾಡುವ ಸಲುವಾಗಿ, ನಾಳೆಯಿಂದ ವಾರದ ಎಲ್ಲ ದಿನಗಳಲ್ಲೂ ಸಿಬ್ಬಂದಿ ಕಟ್ಟಡದೊಳಗೆ ಬರತಕ್ಕದ್ದಲ್ಲ. ಉಣ್ಣೆಯ ಕಾಲುಚೀಲಗಳನ್ನು ತಾವೇ ತರತಕ್ಕದ್ದು. ಶೌಚಾಲಯದ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು. ಅಲ್ಲಿಯವರೆಗೆ ತಾಳ್ಮೆ ವಹಿಸತಕ್ಕದ್ದು.

10. ಬೆಂಕಿ ಇರುವ ಜಾಗದ ಉಸ್ತುವಾರಿ ಅಡುಗೆಮನೆಗೆ ಸೇರಿದ್ದೆಂದು ಸುರಕ್ಷಾ ನಿಯಮ ಹೇಳುತ್ತದೆ. ಇಡೀ ಶಾಖೆ ಈಗ ಬೆಂಕಿಯ ಸುತ್ತಲೇ ಇರುವುದರಿಂದ ಗುನ್‌ವೋರ್ ಅವರ ಹುದ್ದೆಯನ್ನು ರದ್ದುಪಡಿಸುವ ಪ್ರಸ್ತಾವವನ್ನು ಕೈಬಿಟ್ಟು, ಶಾಖೆಯನ್ನು ಅವರಿಗೆ ವಹಿಸಲಾಗಿದೆ. ರಜೆ, ಬಡ್ತಿ ಮತ್ತು ಎರಡನೇ ವಾಫಲ್‌ಗೆ ಸಂಬಂಧಿಸಿದ ಅರ್ಜಿಗಳನ್ನು ಅವರಿಗೇ ಸಲ್ಲಿಸತಕ್ಕದ್ದು.

(ಸಹಿ)
ಗುನ್‌ವೋರ್ ಬ್ರಾಟ್ಲಿ
ಶಾಖಾ ಮುಖ್ಯಸ್ಥರು (ಹೊರಾಂಗಣ)

ಪ್ರತಿಗಳು:
1. ಮೇಲಿನ ಕಚೇರಿಗೆ, ಮಾಹಿತಿಗಾಗಿ. ಪರಿಶೀಲನೆಗೆ ಬರುವವರು ಹಸಿದು ಬರಬಹುದು.
2. ಟುರಿಡ್ ಮೂಯೆನ್ ಅವರಿಗೆ, ಇನ್ನು ಲೆಕ್ಕವನ್ನು ಕೈಗವಸು ಹಾಕಿಕೊಂಡೇ ಮಾಡುವ ಕುರಿತು.
3. ಖಾಲಿ ಕಟ್ಟಡಕ್ಕೆ, ಬಾಗಿಲಿಗೆ ಅಂಟಿಸಲು, ದೀಪ ಹಾಕದೆ.
4. ಔಡುನ್ ಹೆಗ್‌ಸ್ಟಾಡ್ ಅವರಿಗೆ, ಸೌದೆ ಸಣ್ಣಗೆ ಸೀಳುವ ಬಗ್ಗೆ ತುರ್ತು ಕ್ರಮಕ್ಕಾಗಿ.