ಎರಡು ಸಮುದ್ರ, ಒಂದು ಕುಕ್ಕರ್

ಸಮುದ್ರ ಉಳಿಸೋಕೆ ಅಂತ ಬೆಟ್ಟ ಹತ್ತಿದವರಿಗೆ ಇಂಥವು ಆಗದೆ ಇನ್ನೇನು ಆಗುತ್ತವೆ? ನಾನು ಸಮುದ್ರ ನೋಡಿದ್ದು ಒಂದೇ ಸಲ, ಶಾಲೆಯ ಟ್ರಿಪ್‌ನಲ್ಲಿ. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿ ಸುಸ್ತಾಗಿ, ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡೇ ನೋಡಿದ್ದು. ಆದರೂ ಡಿಗ್ರಿ ಮುಗಿದ ವರ್ಷ ಸಕಲೇಶಪುರದ ಒಂದು ಪುಟ್ಟ ಸಂಸ್ಥೆ ನನ್ನನ್ನು ಸಮುದ್ರದ ಕೆಲಸಕ್ಕೇ ತೆಗೆದುಕೊಂಡಿತು. ಆನೇಮಹಲ್ ದಾಟಿದ ಮೇಲೆ ಗುಡ್ಡದ ನೆತ್ತಿಯಲ್ಲಿರುವ ಒಂದು ಊರು. ಅಲ್ಲಿಯ ಜನ ಪ್ಲಾಸ್ಟಿಕ್ ಕವರ್ ಬಿಡುವಂತೆ ಮಾಡಬೇಕು, ಮಳೆ ಅಳೆಯುವುದನ್ನು ಕಲಿಸಬೇಕು. ಆರು ತಿಂಗಳಿಗೆ ಹಾಸನದಿಂದ ಸಾಹೇಬರೊಬ್ಬರು ಬಂದು ನೋಡುತ್ತಾರೆ. ಒಂದಾದರೂ ಅಭ್ಯಾಸ ಬದಲಾಗಿದ್ದರೆ ನನ್ನ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಆಲೂರಿಗೆ ವಾಪಸ್, ಸೋದರತ್ತೆಯ ಜಗಲಿಯಲ್ಲಿ ಮಕ್ಕಳಿಗೆ ಎಬಿಸಿಡಿ ಟ್ಯೂಷನ್.

ಜನರನ್ನು ಬದಲಾಯಿಸಲು ಹೊರಟ ನಾನಾದರೋ, ಸ್ಟಾಪ್ ಬಂತು ಅಂತ ಕಂಡಕ್ಟರಿಗೆ ಹೇಳಲು ನಾಚಿಕೆಪಟ್ಟು, ಮುಂದೆಲ್ಲೋ ಬೇರೆಯವರು ಇಳಿಯುವಾಗ ಇಳಿದು ವಾಪಸ್ ನಡೆದು ಬರುತ್ತಿದ್ದವಳು.

ನಡವಳಿಕೆ

ಮೊದಲ ದಿನ ಪ್ರಶ್ನೆಗಳ ಫಾರಂ. ನಮ್ಮ ಸಂಸ್ಥೆಯ ಸಾರ್ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನೇ ಡಿಕ್ಷನರಿ ನೋಡಿ ಕನ್ನಡ ಮಾಡಿದ್ದೆ. ಮೊದಲ ಮನೆ ಗೌಡ್ರಮ್ಮನದು. ಐದೆಕರೆ ಕಾಫಿ ತೋಟ, ಊರಿಗೆಲ್ಲ ಕೇಳಿಸುವ ಗಂಟಲು. ನಾನು ತಲೆ ತಗ್ಗಿಸಿ ಓದಿದೆ: "ಕಳೆದ ಹತ್ತು ವರ್ಷಗಳಲ್ಲಿ ತಮ್ಮ ನಡವಳಿಕೆಯಲ್ಲಿ ಬದಲಾವಣೆ ಕಂಡುಬಂದಿದೆಯೇ?"

"ಯಾರ್ ಹೇಳಿದ್ದು ನಿಂಗೆ?"

"ಯಾರೂ ಇಲ್ಲ ಅಮ್ಮ, ಫಾರಂನಲ್ಲಿ ಐತೆ... ಇದೆ."

"ಫಾರಂನಾಗೆ ಬೇರೆ ಹಾಕ್ಸವ್ಳಾ!" ಗೌಡ್ರಮ್ಮ ಒಳಕ್ಕೆ ತಿರುಗಿ ಕೂಗಿದರು. "ಬಾರೇ ಇಲ್ಲಿ! ನನ್ ನಡವಳಿಕೆ ಸಕಲೇಶಪುರದಗಂಟ ಮುಟ್ಟಿಸ್ಬುಟ್ಟಿದ್ದೀಯಲ್ಲ!"

ಸೊಸೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಇದು ಹವಾಮಾನ ಕೆಟ್ಟ ಮೇಲೆ ಅಭ್ಯಾಸ ಬದಲಾಯಿತೇ ಅನ್ನುವ ವಿಷಯ ಅಂತ ಬಿಡಿಸಿ ಹೇಳುವ ಹೊತ್ತಿಗೆ ನನ್ನ ಕಾಫಿ ತಣ್ಣಗಾಗಿತ್ತು. ಗೇಟಿನವರೆಗೆ ಕಳಿಸಲು ಬಂದ ಸೊಸೆ ಮೆಲ್ಲಗೆ ಅಂದಳು: "ಬದಲಾವಣೆ ಇಲ್ಲ ಅಂತ್ಲೇ ಬರ್ಕೊಳ್ಳಿ ಅಕ್ಕ. ಹತ್ತು ವರ್ಷದಿಂದ ನಾನೇ ನೋಡ್ತಾ ಇದ್ದೀನಲ್ಲ."

ಹಿತ್ತಿಲ ಸಮುದ್ರ

ಮುಂದಿನ ವಾರ ಸಭೆ. ನೀವು ಎಸೆದ ಕವರ್ ಹಳ್ಳಕ್ಕೆ ಬಿದ್ದು, ಹೊಳೆ ಸೇರಿ, ಸಮುದ್ರ ಸೇರಿ, ಕೊನೆಗೆ ಆಮೆಯ ಹೊಟ್ಟೆ ಸೇರುತ್ತದೆ ಅಂತ ಒಂದೇ ಉಸಿರಿಗೆ ಒಪ್ಪಿಸಿದೆ.

"ಯಾವ್ ಸಮುದ್ರ?" ಅಂದರು ಗೌಡ್ರಮ್ಮ.

ಪ್ರಶ್ನೆ ಸರಿಯಾಗಿಯೇ ಇತ್ತು. ಆ ಊರಿನ ಮುಂದಿನ ಅಂಗಳಕ್ಕೆ ಬಿದ್ದ ಮಳೆ ಹೇಮಾವತಿಗೆ ಇಳಿದು, ಕಾವೇರಿ ಸೇರಿ ಮೂಡಣ ಸಮುದ್ರಕ್ಕೆ ಹೋಗುತ್ತದೆ. ಹಿತ್ತಿಲಿಗೆ ಬಿದ್ದದ್ದು ಘಾಟಿ ಇಳಿದು ಮಂಗಳೂರು ಕಡೆಗೆ. ನಾನು ಹೀಗಂತ ನಕ್ಷೆ ಬಿಡಿಸಿ ತೋರಿಸಿದೆ. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಎರಡು ಸಮುದ್ರಕ್ಕೂ ತಮ್ಮ ಮನೆಯೇ ಮೇಲಿದೆ ಅಂತ ತಿಳಿದು ಕೆಲವರ ಮುಖದಲ್ಲಿ ಹೆಮ್ಮೆಯೂ ಕಂಡಿತು.

ಮರುವಾರ ಹೋದರೆ ನಂಬಲಾಗಲಿಲ್ಲ. ಒಂದು ಅಂಗಳದಲ್ಲೂ ಒಂದು ಕವರ್ ಇಲ್ಲ. ಖುಷಿಯಲ್ಲಿ ಹಿತ್ತಿಲಿಗೆ ಹೋದೆ. ಊರಿನ ಕಸವೆಲ್ಲ ಅಲ್ಲಿತ್ತು.

"ಹೇಮಾವತಿ ನೀರು ನಮ್ ನೆಂಟರೆಲ್ಲ ಕುಡೀತಾರೆ ಕಣವ್ವ," ಅಂದರು ಗೌಡ್ರಮ್ಮ. "ಈ ಕಡೆಗೆ ನಮ್ಮೋರು ಯಾರೂ ಇಲ್ಲ."

ಸೂರಿನ ಮಳೆ

ಕಾಫಿಯವರಿಗೆ ಗಿಡ ಹೂ ಬಿಡಿಸುವ ಮಾರ್ಚಿನ ಹೂಮಳೆ ಅಂದರೆ ಪ್ರಾಣ. ಮಳೆ ಬಂದ ಮಾರನೇ ಬೆಳಿಗ್ಗೆ "ಚೆನ್ನಾಗಿದ್ದೀರಾ" ಅಂತ ಯಾರೂ ಕೇಳುವುದಿಲ್ಲ. "ನಿಮ್ಗೆಷ್ಟು ಬಿತ್ತು?" ಅಂತಲೇ ಕೇಳುವುದು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಅಳತೆ ಡಬ್ಬಿ ನೋಡಿ "ಎಂಬತ್ತು ಸೆಂಟ್" ಅಂದರೆ, ಗೌಡ್ರಮ್ಮ ಡಬ್ಬಿಯೇ ಇಲ್ಲದೆ "ನಮ್ಗೆ ತೊಂಬತ್ತು" ಅನ್ನುತ್ತಿದ್ದರು. ನೂರು ಸೆಂಟ್ ಅಂದರೆ ಒಂದು ಇಂಚು ಮಳೆ. ನಾನು ಅವರಿಗೂ ಒಂದು ಡಬ್ಬಿ ಕೊಟ್ಟೆ.

ಮುಂದಿನ ಮಳೆಗೆ ರೈಟರದು ಅರವತ್ತು ಸೆಂಟ್. ಗೌಡ್ರಮ್ಮನದು ಏಳು ಇಂಚು! ಡಬ್ಬಿ ತುಂಬಿ ಚೆಲ್ಲಿತ್ತು. ಒಂದು ಬೇಲಿಯ ಅಂತರದಲ್ಲಿ ಇಷ್ಟು ವ್ಯತ್ಯಾಸ! ನಮ್ಮ ಸಾರ್ ಕುರ್ಚಿಯಿಂದ ಎದ್ದೇಬಿಟ್ಟರು. "ಹವಾಮಾನ ಕೆಟ್ಟಿದೆ ಅಂದ್ರೆ ಯಾರೂ ನಂಬ್ತಿರಲಿಲ್ಲ, ನೋಡು!" ಅಂತ ಹಾಸನಕ್ಕೆ ಎರಡು ಪುಟದ ಕಾಗದ ಬರೆಸಿದರು.

ಕಾಗದ ಹೋದ ಮೇಲೆ ಡಬ್ಬಿ ನೋಡಲು ಹೋದೆ. ಅದು ಸೂರಿನ ಹೆಂಚಿನ ನೀರು ಸುರಿಯುವ ಮೂಲೆಯಲ್ಲಿ ನೆಟ್ಟಗೆ ಕೂತಿತ್ತು.

"ಬಯಲಾಗೆ ಇಟ್ರೆ ಸರ್ಯಾಗಿ ತುಂಬಾದೇ ಇಲ್ಲ ಕಣವ್ವ," ಅಂದರು ಗೌಡ್ರಮ್ಮ. "ನೀನು ಹೊಸಬಳು, ನಿಂಗೆ ಗೊತ್ತಾಗಿಲ್ಲ. ಪಾಪ, ರೈಟರಿಗೂ ಹೇಳು."

ಬೂತಾಯಿಯ ಮಾನ

ಬುಧವಾರ, ಭಾನುವಾರ ಮಂಗಳೂರು ಕಡೆಯ ಮೀನಿನಣ್ಣ ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತ ಬರುತ್ತಿದ್ದ. ಊರಿನ ಕಪ್ಪು ಕವರುಗಳೆಲ್ಲ ಅವನವೇ. ಕವರ್ ಕೊಡಬೇಡಿ ಅಂತ ಕೇಳಲು ಮೂರು ವಾರ ಧೈರ್ಯ ಕೂಡಿಸಿಕೊಂಡೆ.

"ನನಗೆ ಎಂತದು ಮಾರಾಯ್ರೆ, ಕವರ್ ಇಲ್ಲದಿದ್ರೆ ಅದ್ರ ದುಡ್ಡು ನನಗೇ ಉಳೀತು," ಅಂದ. "ಸಮುದ್ರದಲ್ಲಿ ಈಗ ಮೀನೂ ಕಮ್ಮಿ ಉಂಟು. ನೀರು ಬಿಸಿ ಆದ್ರೆ ಬೂತಾಯಿ ಆಚೆ ಹೋಗ್ತದೆ. ಆದ್ರೆ ಇವರು ಒಪ್ಪಬೇಕಲ್ಲ?"

ಒಪ್ಪಲಿಲ್ಲ. ಯಾಕೆ ಅಂತ ನೋಡುತ್ತ ನಿಂತಾಗ ನಿಧಾನವಾಗಿ ತಿಳಿಯಿತು. ಕಪ್ಪು ಕವರ್ ಇರುವುದು ಮೀನು ತರಲು ಅಲ್ಲ, ಮುಚ್ಚಲು. ಊರಿಗೆಲ್ಲ ದುಬಾರಿ ಅಂಜಲ್ ಮೀನು ತಿನ್ನುತ್ತೇವೆ ಅಂತ ಹೇಳಿಕೊಂಡ ಮನೆಯವರು ಅರ್ಧ ಕೆ.ಜಿ. ಅಗ್ಗದ ಬೂತಾಯಿ ಕೊಂಡದ್ದು ಆಚೆಮನೆಗೆ ಕಾಣಬಾರದು.

ನಾನು ಗೌಡ್ರಮ್ಮನ ಬಳಿ ಹೋಗಿ, ಆಮೆಯ ಸುದ್ದಿ ಎತ್ತದೆ, "ಮುಚ್ಚಳ ಇರೋ ಪಾತ್ರೆ ತಂದ್ರೆ ಏನೂ ಕಾಣಲ್ಲ ಅಮ್ಮ" ಅಂದೆ ಅಷ್ಟೆ.

ಬುಧವಾರ ಅವರು ಐದು ಲೀಟರಿನ ಕುಕ್ಕರ್ ತಂದರು. ಭಾನುವಾರ ಆಚೆಮನೆಯವರು ಏಳೂವರೆ ಲೀಟರಿನದು ತಂದರು. ತಿಂಗಳೊಳಗೆ ಮೀನಿನ ಸ್ಕೂಟರಿನ ಮುಂದೆ ಕುಕ್ಕರುಗಳ ಸಾಲೇ ನಿಂತಿತು. ವಿಸಿಲ್ ಒಂದು ಹಾಕಿರಲಿಲ್ಲ.

ಸಾಹೇಬರು ಬಂದ ದಿನ

ಸಾಹೇಬರು ಬಂದದ್ದು ಬುಧವಾರವೇ. ಏಳು ಇಂಚಿನ ಮಳೆಯ ಬಗ್ಗೆಯೇ ಮೊದಲು ಕೇಳಿದರು. ನಮ್ಮ ಸಾರ್ ಕೆಮ್ಮಿದರು. ಸಾಹೇಬರು ಹಿತ್ತಿಲ ಕಡೆ ಹೊರಟಾಗ ನಾನು ಹೇಗೋ ಕುಕ್ಕರ್ ಸಾಲಿನ ಕಡೆ ತಿರುಗಿಸಿದೆ. ತೋರಿಸಲು ಉಳಿದಿದ್ದು ಅದೊಂದೇ.

ಸಾಹೇಬರ ಮುಖ ಅರಳಿತು. "ಎಲ್ಲಿ ತೋರಿಸಿ ತಾಯಿ" ಅಂತ ಗೌಡ್ರಮ್ಮನ ಕುಕ್ಕರಿಗೆ ಕೈ ಹಾಕಿದರು. ಗೌಡ್ರಮ್ಮ ಮುಚ್ಚಳ ಅಮುಕಿ ಹಿಡಿದರು. ಒಳಗಿರುವುದು ಬೂತಾಯಿ ಅಂತ ನನಗೆ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಕೂಗಿದೆ: "ತೆಗೀಬೇಡಿ ಸಾರ್!"

ಅಷ್ಟರಲ್ಲಿ ಮುಚ್ಚಳ ಕಿತ್ತು ಬಂದಿತ್ತು. ಒಳಗೆ ಬೂತಾಯಿ ಕಾಣಲಿಲ್ಲ. ಗಂಟು ಹಾಕಿದ ಒಂದು ಕಪ್ಪು ಕವರ್ ಕೂತಿತ್ತು.

ನನ್ನ ಕಣ್ಣಿಗೆ ಸೋದರತ್ತೆಯ ಜಗಲಿ ಕಂಡಿತು.

"ಮತ್ತೆ? ಸೋಮವಾರ ಇದ್ರಾಗೇ ಬೇಳೆ ಬೇಯ್ಸಬೇಕಲ್ಲ, ವಾಸನೆ ಹಿಡಿಯಲ್ವಾ?" ಅಂದರು ಗೌಡ್ರಮ್ಮ, ಒಂದಿಷ್ಟೂ ಅಳುಕದೆ. "ಆದ್ರೆ ಹೊಸದಲ್ಲ ಸಾರ್. ಮೀನಿನೋನು ಕೊಡಾದೇ ಬುಟ್ಟವ್ನೆ. ಮೂರು ತಿಂಗಳಿಂದ ಇದೊಂದೇ, ತೊಳ್ದು ಒಣಗ್ಸಿ ತರ್ತೀನಿ. ಎಲ್ರೂ ಅಂಗೇಯ."

ಆ ಊರಿನ ಹಗ್ಗಗಳ ಮೇಲೆ ಒಣಗುತ್ತಿದ್ದ, ನಾನು ಇಷ್ಟು ದಿನ ಕಪ್ಪು ಬಟ್ಟೆ ಅಂದುಕೊಂಡಿದ್ದವು ಏನು ಅಂತ ನನಗೆ ಆಗ ಗೊತ್ತಾಯಿತು. ಸಾಹೇಬರು ಕವರನ್ನು ಬೆಳಕಿಗೆ ಹಿಡಿದು ನೋಡಿದರು. ತೊಳೆದು ತೊಳೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಡೈರಿಯಲ್ಲಿ ಏನೋ ಬರೆದುಕೊಂಡರು. ಹೊರಡುವಾಗ ಒಂದು ಕೆ.ಜಿ. ಅಂಜಲ್ ಕೇಳಿದರು.

"ಪಾತ್ರೆ ಉಂಟಾ ಸಾರ್?" ಅಂದ ಮೀನಿನಣ್ಣ.

ಇರಲಿಲ್ಲ. ಗೌಡ್ರಮ್ಮ ತಮ್ಮ ಬೂತಾಯಿಯ ಕವರನ್ನು ಸೆರಗಿನೊಳಕ್ಕೆ ಎಳೆದುಕೊಂಡು ಕುಕ್ಕರ್ ಮುಂದಿಟ್ಟರು. "ತಗಂಡ್ಹೋಗಿ. ಆದ್ರೆ ಈ ಹುಡುಗಿ ಕೈಯಾಗೇ ವಾಪಸ್ ಬರ್ಬೇಕು. ಬೇರೆ ಯಾರ್ ತಂದ್ರೂ ನಾನು ಇಸ್ಕಳಲ್ಲ." ಅಂದವರು ನನ್ನ ಕಡೆ ನೋಡಲೇ ಇಲ್ಲ.

ಹದಿನೈದು ದಿನಕ್ಕೆ ನಮ್ಮ ಆಫೀಸಿಗೆ ಕುಕ್ಕರ್ ಬಂತು. ಒಳಗೆ ನನ್ನ ಕೆಲಸ ಮುಂದುವರಿಸಿದ ಆದೇಶ ಇತ್ತು. ಮೀನಿನ ವಾಸನೆ ಹಿಡಿಯದಿರಲೆಂದು ಅದನ್ನು ಹೊಚ್ಚಹೊಸ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದರು.